ಬೇಡದ ಇಮೇಲ್: ಅಳಿಸಿದರೆ ಸಾಲದು, ದೂರು ಯಾರಿಗೆ?

ಕೇಳದೆ ಬಂದ ಇಮೇಲ್‌ಗಳೆಲ್ಲವೂ ಸ್ಪ್ಯಾಮ್ ಆಗುವುದಿಲ್ಲ. ಅಪರಿಚಿತ ಓದುಗನೊಬ್ಬ ಲೇಖಕನಿಗೆ ಬರೆಯುವ ಪತ್ರವಾಗಲಿ, ಕೆಲಸ ಹುಡುಕುತ್ತಿರುವ ಪದವೀಧರೆಯೊಬ್ಬಳು ಕಂಪನಿಗೆ ಕಳುಹಿಸುವ ಅರ್ಜಿಯಾಗಲಿ ಕೇಳಿ ತರಿಸಿಕೊಂಡದ್ದಲ್ಲವಾದರೂ ಅವುಗಳನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಹಾಗೆಯೇ ಒಂದೇ ಒಕ್ಕಣೆ ಸಾವಿರಾರು ಜನರಿಗೆ ಹೋದ ಮಾತ್ರಕ್ಕೆ ಅದು ಸ್ಪ್ಯಾಮ್ ಆಗದು, ಏಕೆಂದರೆ ವಿಶ್ವವಿದ್ಯಾಲಯವೊಂದು ತನ್ನ ವಿದ್ಯಾರ್ಥಿಗಳಿಗೆಲ್ಲ ಪರೀಕ್ಷಾ ವೇಳಾಪಟ್ಟಿಯನ್ನು ತಲುಪಿಸುವುದೂ ಅದೇ ರೀತಿಯಲ್ಲಿ. ಪಡೆಯುವವರ ಒಪ್ಪಿಗೆ ಇಲ್ಲದಿರುವುದು ಮತ್ತು ರಾಶಿ ರಾಶಿಯಾಗಿ ಕಳುಹಿಸುವುದು ಎಂಬ ಎರಡು ಲಕ್ಷಣಗಳು ಒಂದೇ ಪತ್ರದಲ್ಲಿ ಕೂಡಿದಾಗ ಅದು ಸ್ಪ್ಯಾಮ್ ಎನಿಸಿಕೊಳ್ಳುತ್ತದೆ ಎಂಬುದು ಈ ಕ್ಷೇತ್ರದಲ್ಲಿ ದುಡಿಯುವವರು ಬಹುಮಟ್ಟಿಗೆ ಒಪ್ಪಿಕೊಂಡಿರುವ ವ್ಯಾಖ್ಯೆ. ಒಳಗಿರುವ ವಿಷಯವೇನು ಎಂಬುದು ಇಲ್ಲಿ ಗೌಣವಾಗಿದ್ದು, ಔಷಧಿಯ ಜಾಹೀರಾತಿನಂತೆಯೇ ದೇಣಿಗೆಯ ಮನವಿಯೂ ಚುನಾವಣೆಯ ಪ್ರಚಾರಪತ್ರವೂ ಸ್ಪ್ಯಾಮ್ ಆಗಬಲ್ಲವು.

ಇಂಥ ಪತ್ರ ಕಣ್ಣಿಗೆ ಬಿದ್ದೊಡನೆ ಬಹುತೇಕರು ಅದನ್ನು ಅಳಿಸಿ ಮುಂದಕ್ಕೆ ಹೋಗುತ್ತಾರೆ, ಕೆಲವರು ಸಿಟ್ಟಿನಿಂದ ಮಾರುತ್ತರ ಬರೆಯುತ್ತಾರೆ, ಇನ್ನು ಕೆಲವರು ಪೊಲೀಸರಿಗೆ ತಿಳಿಸಬೇಕೇ ಎಂಬ ಗೊಂದಲದಲ್ಲಿ ಬೀಳುತ್ತಾರೆ. ಅಳಿಸುವುದರಿಂದ ಅವರವರ ಅಂಚೆಪೆಟ್ಟಿಗೆ ಚೊಕ್ಕಟವಾಗುತ್ತದೆಯೇ ಹೊರತು ಕಳುಹಿಸಿದವನಿಗೆ ಬಿಡಿಗಾಸಿನ ನಷ್ಟವೂ ಆಗುವುದಿಲ್ಲ. ಮಾರುತ್ತರ ಬರೆಯುವುದರಿಂದ ಅವನಿಗೆ ಲಾಭವೇ ಆಗಬಹುದು. ಅವನ ದಂಧೆಯ ಖರ್ಚನ್ನು ಏರಿಸುವ ಶಕ್ತಿ ಇರುವುದು ದೂರಿಗೆ. ಅದೂ ಸರಿಯಾದ ಜಾಗಕ್ಕೆ, ಸರಿಯಾದ ಸಾಕ್ಷ್ಯದೊಂದಿಗೆ ಹೋದ ದೂರಿಗೆ. ಆ ಜಾಗ ಯಾವುದು, ಸಾಕ್ಷ್ಯ ಎಲ್ಲಿರುತ್ತದೆ ಎಂಬುದನ್ನು ತಿಳಿಯಬೇಕಾದರೆ ಇಮೇಲ್ ಸಾಗುವ ದಾರಿಯನ್ನೂ ಈ ದಂಧೆಯ ಲೆಕ್ಕಾಚಾರವನ್ನೂ ಸ್ವಲ್ಪಮಟ್ಟಿಗಾದರೂ ಅರಿತಿರಬೇಕಾಗುತ್ತದೆ.

1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ತಯಾರಕ ಸಂಸ್ಥೆಯ ಮಾರಾಟ ವಿಭಾಗದಲ್ಲಿದ್ದ ಗ್ಯಾರಿ ಥ್ಯುರ್ಕ್, ಇಂದಿನ ಅಂತರಜಾಲದ ಪೂರ್ವಜವೆನ್ನಬಹುದಾದ ಆರ್ಪಾನೆಟ್ ಜಾಲದ ಸುಮಾರು 400 ಬಳಕೆದಾರರಿಗೆ ತಮ್ಮ ಸಂಸ್ಥೆಯ ಹೊಸ ಯಂತ್ರಗಳ ಪ್ರದರ್ಶನಕ್ಕೆ ಬರುವಂತೆ ಒಂದೇ ಪತ್ರವನ್ನು ಕಳುಹಿಸಿದರು. ವಿಳಾಸಗಳನ್ನು ಮುದ್ರಿತ ಕೈಪಿಡಿಯಿಂದ ಒಂದೊಂದಾಗಿ ಬೆರಳಚ್ಚು ಮಾಡಿಸಲಾಗಿತ್ತು. ಅಷ್ಟು ವಿಳಾಸಗಳನ್ನು ಅಂದಿನ ತಂತ್ರಾಂಶ ಹಿಡಿಸಿಕೊಳ್ಳಲಾರದೆ ಉಳಿದವು ಪತ್ರದ ಒಡಲಿಗೇ ಉಕ್ಕಿ ಹರಿದವು. ಸರ್ಕಾರಿ ಕೆಲಸಕ್ಕೆಂದೇ ಇದ್ದ ಆ ಜಾಲದ ಮೇಲ್ವಿಚಾರಕರು ಕೆಂಡಾಮಂಡಲವಾದರು, ಕಂಪನಿಗೆ ಎಚ್ಚರಿಕೆ ಹೋಯಿತು, ಮತ್ತೆ ಹಲವು ವರ್ಷ ಅಂಥ ಸಾಹಸಕ್ಕೆ ಯಾರೂ ಕೈಹಾಕಲಿಲ್ಲ. ಇದನ್ನೇ ಮೊದಲ ಸ್ಪ್ಯಾಮ್ ಎಂದು ಇತಿಹಾಸಕಾರರು ಸಾಮಾನ್ಯವಾಗಿ ಗುರುತಿಸುತ್ತಾರೆ. ಗಮನಿಸತಕ್ಕ ಸಂಗತಿಯೆಂದರೆ ಆಗ ಕಳುಹಿಸಿದವರ ಹೆಸರು, ಊರು, ಸಂಸ್ಥೆ ಎಲ್ಲವೂ ಪತ್ರದಲ್ಲೇ ನಿಜವಾಗಿ ನಮೂದಾಗಿದ್ದವು. ಆದ್ದರಿಂದಲೇ ದೂರು ನೇರವಾಗಿ ತಲುಪಬೇಕಾದವರನ್ನು ತಲುಪಿತು.

ಇಂದು ಆ ಅನುಕೂಲವಿಲ್ಲದಿರುವುದಕ್ಕೆ ಕಾರಣ 1982ರಲ್ಲಿ ಜಾನ್ ಪೋಸ್ಟೆಲ್ ಅವರು ಬರೆದಿಟ್ಟ ಎಸ್‌ಎಂಟಿಪಿ ಎಂಬ ನಿಯಮಾವಳಿಯ ಸರಳತೆಯಲ್ಲಿದೆ. ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಇಮೇಲ್ ಒಪ್ಪಿಸುವಾಗ ಏನೇನು ಹೇಳಬೇಕು, ಯಾವ ಕ್ರಮದಲ್ಲಿ ಹೇಳಬೇಕು ಎಂಬುದನ್ನು ನಿಗದಿಪಡಿಸುವ ಈ ಒಪ್ಪಂದ ಇಂದಿಗೂ ಮೂಲದಲ್ಲಿ ಹಾಗೆಯೇ ಬಳಕೆಯಲ್ಲಿದೆ. ಇದನ್ನು ಕಾಗದದ ಅಂಚೆಗೆ ಹೋಲಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ: ಲಕೋಟೆಯ ಮೇಲೆ ಒಂದು ವಿಳಾಸವಿರುತ್ತದೆ, ಒಳಗಿನ ಕಾಗದದ ತಲೆಯಲ್ಲಿ ‘ಇಂಥವರಿಂದ’ ಎಂಬ ಇನ್ನೊಂದು ಬರಹವಿರುತ್ತದೆ, ಅವೆರಡೂ ಒಂದೇ ಆಗಿರಬೇಕೆಂದು ಅಂಚೆಯವನು ಕೇಳುವುದಿಲ್ಲ. ಎಸ್‌ಎಂಟಿಪಿಯಲ್ಲಿಯೂ ಪತ್ರವನ್ನು ಸಾಗಿಸುವ ಯಂತ್ರಗಳು ಲಕೋಟೆಯನ್ನು ಮಾತ್ರ ನೋಡುತ್ತವೆ; ಓದುಗರ ಪರದೆಯ ಮೇಲೆ ಕಾಣಿಸುವ ‘ಫ್ರಮ್’ ಎಂಬ ಸಾಲಾದರೋ ಒಳಗಿನ ಕಾಗದದ ಭಾಗವಾಗಿದ್ದು, ಬರೆಯುವವನು ಅಲ್ಲಿ ಬ್ಯಾಂಕಿನ ಹೆಸರನ್ನಾಗಲಿ, ಇಲಾಖೆಯ ಹೆಸರನ್ನಾಗಲಿ, ಪತ್ರ ಪಡೆಯುವವರ ಸ್ವಂತ ವಿಳಾಸವನ್ನೇ ಆಗಲಿ ಧಾರಾಳವಾಗಿ ಬರೆದುಕೊಳ್ಳಬಹುದು. ಪರಸ್ಪರ ಪರಿಚಯವಿದ್ದ ಕೆಲವೇ ಸಂಶೋಧನಾ ಸಂಸ್ಥೆಗಳಿಗಾಗಿ ರೂಪಿಸಿದ ವ್ಯವಸ್ಥೆಯಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ ಎಂಬುದನ್ನು ದೋಷವೆನ್ನುವುದು ಅನ್ಯಾಯವಾದೀತು.

ಸಿಟ್ಟಿನ ಮಾರುತ್ತರ ವ್ಯರ್ಥವಾಗುವುದೂ ಇದರಿಂದಲೇ. ‘ಫ್ರಮ್’ ಸಾಲಿನಲ್ಲಿರುವ ವಿಳಾಸ ಸುಳ್ಳಾಗಿದ್ದರೆ ಬೈಗುಳವು ಏನೂ ಅರಿಯದ ಮೂರನೆಯವರ ಪೆಟ್ಟಿಗೆಗೆ ಹೋಗಿ ಬೀಳುತ್ತದೆ. ತಮ್ಮ ಹೆಸರಿನಲ್ಲಿ ಯಾರೋ ಲಕ್ಷಾಂತರ ಪತ್ರಗಳನ್ನು ಹರಿಯಬಿಟ್ಟ ಕಾರಣಕ್ಕೆ, ತಲುಪದೆ ಹಿಂದಿರುಗಿದ ಪತ್ರಗಳ ಸೂಚನೆಗಳೂ ಅಪರಿಚಿತರ ಶಾಪಗಳೂ ರಾಶಿಬಿದ್ದು ಕಂಗಾಲಾದವರು ಜಗತ್ತಿನೆಲ್ಲೆಡೆ ಇದ್ದಾರೆ. ಒಂದು ವೇಳೆ ವಿಳಾಸ ನಿಜವೇ ಆಗಿದ್ದರೂ ಮಾರುತ್ತರವು ಇತ್ತಕಡೆ ಓದುವ ಮನುಷ್ಯರಿದ್ದಾರೆ ಎಂಬುದಕ್ಕೆ ಪುರಾವೆಯಾಗಿ, ಆ ವಿಳಾಸ ಇನ್ನಷ್ಟು ಪಟ್ಟಿಗಳಿಗೆ ಮಾರಾಟವಾಗಲು ದಾರಿಮಾಡಿಕೊಡುತ್ತದೆ. ಪತ್ರದೊಳಗೆ ಅಡಗಿಸಿಟ್ಟ, ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವೂ ಇದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ: ಪತ್ರ ತೆರೆದಾಗ ಆ ಚಿತ್ರವನ್ನು ಕಳುಹಿಸಿದವನ ಯಂತ್ರದಿಂದ ತರಿಸಿಕೊಳ್ಳಬೇಕಾಗುವುದರಿಂದ ತೆರೆದ ಸುದ್ದಿ ಅವನಿಗೆ ಮುಟ್ಟುತ್ತದೆ. ಹೊರಗಿನ ಚಿತ್ರಗಳು ತಾವಾಗಿಯೇ ಮೂಡದಂತೆ ಇಮೇಲ್ ಸೇವೆಯ ಆಯ್ಕೆಗಳಲ್ಲಿ ತಡೆಹಾಕಿಕೊಳ್ಳುವುದು ಇದಕ್ಕಿರುವ ಸುಲಭ ಉಪಾಯ.

ಇಷ್ಟಕ್ಕೂ ಈ ದಂಧೆ ಯಾರಿಗೆ ಗಿಟ್ಟುತ್ತದೆ ಎಂಬ ಪ್ರಶ್ನೆಗೆ ಅತ್ಯಂತ ಖಚಿತವಾದ ಉತ್ತರ ದೊರೆತದ್ದು 2008ರಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಮತ್ತು ಬರ್ಕ್‌ಲಿ ಶಾಖೆಗಳ ಸಂಶೋಧಕರು, ಸ್ಟಾರ್ಮ್ ಎಂಬ ಬಾಟ್‌ನೆಟ್‌ನ ಒಳಹೊಕ್ಕು ಅದರ ವಹಿವಾಟನ್ನು ಅಳೆದರು. ಬಾಟ್‌ನೆಟ್ ಎಂದರೆ ಮಾಲೀಕರಿಗೆ ಗೊತ್ತಿಲ್ಲದಂತೆ ಕುತಂತ್ರಾಂಶ ಹೊಕ್ಕು, ದೂರದಲ್ಲಿ ಕುಳಿತ ಒಬ್ಬನ ಆಣತಿಯಂತೆ ಕುಣಿಯುವ ಸಾವಿರಾರು ಮನೆ-ಕಚೇರಿಗಳ ಕಂಪ್ಯೂಟರ್‌ಗಳ ಕೂಟ. ಔಷಧಿ ಮಾರಾಟದ ಸುಮಾರು 35 ಕೋಟಿ ಸ್ಪ್ಯಾಮ್ ಪತ್ರಗಳನ್ನು ಅವರು 26 ದಿನ ಹಿಂಬಾಲಿಸಿದಾಗ ಖರೀದಿಯ ಹಂತ ಮುಟ್ಟಿದವರು ಕೇವಲ 28 ಮಂದಿ. ಒಂದು ಕೋಟಿಗೂ ಹೆಚ್ಚು ಪತ್ರಗಳಿಗೆ ಒಬ್ಬ ಗಿರಾಕಿ ಎಂಬ ಈ ಲೆಕ್ಕ ನೋಡಿ ಯಾವ ಅಂಗಡಿಯವನಾದರೂ ಬಾಗಿಲು ಹಾಕಿಕೊಂಡು ಹೋಗಬೇಕಿತ್ತು. ಆದರೆ ಪತ್ರಗಳನ್ನು ಕಳುಹಿಸುವ ಕಂಪ್ಯೂಟರು, ವಿದ್ಯುತ್ತು, ಸಂಪರ್ಕ ಎಲ್ಲವೂ ಬೇರೆಯವರದ್ದಾಗಿರುವಾಗ ಆ 28 ಮಂದಿಯೇ ಸಾಕಾಗುತ್ತಾರೆ. ಸ್ಪ್ಯಾಮ್‌ನ ವೆಚ್ಚವನ್ನು ಹೊರುವವರು ಪಡೆಯುವವರು ಮತ್ತು ನಡುವಿನ ಜಾಲಗಳು. ಕಳುಹಿಸುವವನ ಪಾಲಿಗೆ ಅದು ಹೆಚ್ಚುಕಡಿಮೆ ಪುಕ್ಕಟೆ.

ಪತ್ರಗಳ ಒಕ್ಕಣೆ ಏಕೆ ಅಷ್ಟು ಪೆದ್ದುಪೆದ್ದಾಗಿರುತ್ತದೆ ಎಂಬುದಕ್ಕೂ ಇದೇ ಲೆಕ್ಕಾಚಾರದಲ್ಲಿ ವಿವರಣೆಯಿದೆ. ಮೈಕ್ರೋಸಾಫ್ಟ್‌ನ ಸಂಶೋಧಕ ಕಾರ್ಮಾಕ್ ಹರ್ಲಿ 2012ರ ಪ್ರಬಂಧವೊಂದರಲ್ಲಿ ವಾದಿಸಿದಂತೆ, ಕೋಟ್ಯಂತರ ಡಾಲರ್ ಆಸ್ತಿಗೆ ವಾರಸುದಾರರಾಗಿ ಎಂದು ಕರೆಯುವ ವಂಚಕನಿಗೆ ಪತ್ರ ಕಳುಹಿಸುವ ಖರ್ಚಿಲ್ಲದಿದ್ದರೂ, ಉತ್ತರಿಸಿದವರೊಡನೆ ದಿನಗಟ್ಟಲೆ ಮಾತನಾಡುವ ಶ್ರಮವಿದ್ದೇ ಇದೆ. ಅರ್ಧ ದಾರಿಯಲ್ಲಿ ಎಚ್ಚೆತ್ತು ಕೈಕೊಡುವವರು ಅವನಿಗೆ ನಷ್ಟ. ನಂಬಲಸಾಧ್ಯವಾದ ಕಥೆಯನ್ನೇ ಹೇಳಿದರೆ ಬುದ್ಧಿವಂತರು ಮೊದಲ ಸಾಲಿನಲ್ಲೇ ನಕ್ಕು ದೂರ ಸರಿಯುತ್ತಾರೆ, ಉಳಿಯುವವರು ಕೊನೆಯವರೆಗೂ ನಂಬುವವರು ಮಾತ್ರ. ಹೀಗಾಗಿ ಕಾಗುಣಿತದ ತಪ್ಪುಗಳನ್ನು ಕಂಡು ‘ಇಂಥದಕ್ಕೆ ಯಾರು ಬೀಳುತ್ತಾರೆ’ ಎಂದು ನಗುವವರು, ಆ ಬಲೆ ತಮಗಾಗಿ ಬೀಸಿದ್ದಲ್ಲ ಎಂಬುದನ್ನು ಮರೆಯುತ್ತಾರೆ. ಅವರಿಗಾಗಿ ಬೀಸುವ ಬಲೆ ಬೇರೆಯೇ ಇದ್ದು, ಅದರಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ.

ಆ ಎರಡನೆಯ ಬಗೆಯ ಬಲೆಗೆ ಉದಾಹರಣೆಯಾಗಿ, ಆದಾಯ ತೆರಿಗೆ ವಿವರ ಸಲ್ಲಿಸುವ ಜುಲೈ–ಆಗಸ್ಟ್ ತಿಂಗಳುಗಳಲ್ಲಿ ಬರುವಂಥ ಒಂದು ಪತ್ರವನ್ನು ಕಲ್ಪಿಸಿಕೊಳ್ಳಬಹುದು. ಪರದೆಯ ಮೇಲೆ ಕಾಣುವ ಹೆಸರು ‘ಆದಾಯ ತೆರಿಗೆ ಇಲಾಖೆ’; ವಿಷಯದ ಸಾಲಿನಲ್ಲಿ ಮರುಪಾವತಿಯ ಮೊತ್ತ; ಒಡಲಿನಲ್ಲಿ ಅಶೋಕ ಸ್ತಂಭದ ಲಾಂಛನ, ಸಭ್ಯವಾದ ಇಂಗ್ಲಿಷ್, ಕೊನೆಗೆ ಬ್ಯಾಂಕ್ ಖಾತೆ ದೃಢಪಡಿಸಲು ಒಂದು ಕೊಂಡಿ. ಇಂಥ ಪತ್ರದ ನಿಜಸ್ವರೂಪ ತಿಳಿಯಲು ಅದರ ಹೆಡರ್ ತೆರೆದು ನೋಡಬೇಕು. ಹೆಡರ್ ಎಂದರೆ ಪತ್ರ ಎಲ್ಲಿಂದ ಹೊರಟು ಯಾವ ಯಾವ ಯಂತ್ರಗಳನ್ನು ಹಾದುಬಂದಿತು ಎಂಬುದನ್ನು ಆ ಯಂತ್ರಗಳೇ ದಾಖಲಿಸಿದ, ಸಾಮಾನ್ಯವಾಗಿ ಓದುಗರಿಂದ ಮರೆಯಾಗಿರುವ ಸಾಲುಗಳು. ಜಿಮೇಲ್‌ನಲ್ಲಿ ಪತ್ರದ ಬಲಮೇಲ್ತುದಿಯಲ್ಲಿರುವ ಮೂರು ಚುಕ್ಕಿಗಳನ್ನು ಒತ್ತಿ ‘ಶೋ ಒರಿಜಿನಲ್’ ಎಂಬುದನ್ನು ಆಯ್ದರೆ ಇವು ತೆರೆದುಕೊಳ್ಳುತ್ತವೆ. ಈ ಸೌಲಭ್ಯ ಮೊಬೈಲ್ ಆ್ಯಪ್‌ನಲ್ಲಿ ಸಿಗದಿದ್ದರೆ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ತೆರೆಯಬೇಕಾಗುತ್ತದೆ.

ಅಲ್ಲಿ ಮೊದಲು ನೋಡಬೇಕಾದದ್ದು ‘ರಿಟರ್ನ್-ಪಾತ್’ ಎಂಬ ಸಾಲು. ಲಕೋಟೆಯ ಮೇಲಿದ್ದ ವಿಳಾಸ ಇದೇ. ಕಾಗದದ ತಲೆಯಲ್ಲಿ ಸರ್ಕಾರಿ ಇಲಾಖೆಯ ಹೆಸರಿದ್ದು ಲಕೋಟೆಯ ಮೇಲೆ ಯಾವುದೋ ದೇಶದ ಹೂವಿನ ಅಂಗಡಿಯ ಡೊಮೈನ್, ಅಂದರೆ ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರು, ಇದ್ದರೆ ಹೆಚ್ಚು ಯೋಚಿಸಬೇಕಾದ್ದಿಲ್ಲ. ಆ ಅಂಗಡಿಯ ಸರ್ವರ್‌ಗೆ ಯಾರೋ ಕನ್ನ ಹಾಕಿರಬಹುದು. ಬಳಿಕ ‘ರಿಪ್ಲೈ-ಟು’ ಎಂಬ ಸಾಲು, ಮಾರುತ್ತರ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಹೇಳುತ್ತದೆ. ಪುಕ್ಕಟೆ ಇಮೇಲ್ ಸೇವೆಯೊಂದರ ವಿಳಾಸ ಅಲ್ಲಿದ್ದರೆ ಇಲಾಖೆಯ ಬಣ್ಣ ಇನ್ನಷ್ಟು ಬಯಲಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದವು ‘ರಿಸೀವ್ಡ್’ ಎಂದು ಆರಂಭವಾಗುವ ಹಲವು ಸಾಲುಗಳು. ದಾರಿಯ ಪ್ರತಿಯೊಂದು ಸರ್ವರ್ ತನ್ನ ಮುದ್ರೆಯನ್ನು ಎಲ್ಲಕ್ಕಿಂತ ಮೇಲೆ ಒತ್ತುತ್ತಾ ಹೋಗುವುದರಿಂದ ಪಯಣವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಆದರೆ ನಂಬಬೇಕಾದ ಕ್ರಮ ಇದಕ್ಕೆ ತದ್ವಿರುದ್ಧ: ಮೇಲಿನವು ಓದುಗರ ಸ್ವಂತ ಇಮೇಲ್ ಸೇವೆಯೇ ಬರೆದವಾದ್ದರಿಂದ ವಿಶ್ವಾಸಾರ್ಹ, ಕೆಳಗಿನವು ಕಳುಹಿಸಿದವನೇ ಮೊದಲೇ ತುಂಬಿಟ್ಟ ಕಟ್ಟುಕಥೆಯಾಗಿರಬಹುದು. ಓದುಗರ ಸೇವೆಗೆ ಪತ್ರವನ್ನು ಹೊರಗಿನಿಂದ ತಂದೊಪ್ಪಿಸಿದ ಯಂತ್ರ ಯಾವುದು ಎಂಬ ಒಂದೇ ಸಾಲಿನಲ್ಲಿ, ಚೌಕ ಆವರಣದೊಳಗೆ ಇರುವ ಐಪಿ ಸಂಖ್ಯೆಯನ್ನು ಸುಳ್ಳಾಗಿಸುವುದು ವಂಚಕನ ಕೈಯಲ್ಲಿ ಬಹುಮಟ್ಟಿಗೆ ಆಗದ ಕೆಲಸ. ಐಪಿ ಸಂಖ್ಯೆ ಎಂದರೆ ಅಂತರಜಾಲದಲ್ಲಿರುವ ಪ್ರತಿ ಯಂತ್ರವನ್ನು ಗುರುತಿಸುವ ಅಂಕಿಗಳ ಸರಣಿ. ದೂರಿನ ಜೀವ ಇರುವುದು ಈ ಸಂಖ್ಯೆಯಲ್ಲಿ.

ಇವುಗಳ ನಡುವೆಯೇ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಪರೀಕ್ಷೆಗಳ ಫಲಿತಾಂಶವೂ ಕಾಣಸಿಗುತ್ತದೆ. ಎಸ್‌ಎಂಟಿಪಿಯ ಮುಗ್ಧತೆಯನ್ನು ಸರಿದೂಗಿಸಲು 2006ರಿಂದ 2015ರ ನಡುವೆ ಒಂದರ ಮೇಲೊಂದು ಬಂದ ವ್ಯವಸ್ಥೆಗಳಿವು. ತಮ್ಮ ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಯಾವ ಐಪಿ ಸಂಖ್ಯೆಗಳಿಗೆ ಅಧಿಕಾರವಿದೆ ಎಂಬುದನ್ನು ಡೊಮೈನ್‌ನ ಒಡೆಯರು ಬಹಿರಂಗವಾಗಿ ಘೋಷಿಸುವುದು ಎಸ್‌ಪಿಎಫ್. ಪ್ರತಿ ಪತ್ರಕ್ಕೂ ಬೇರೆಯವರು ನಕಲು ಮಾಡಲಾಗದ ಗಣಿತೀಯ ಸಹಿ ಹಾಕುವುದು ಡಿಕೆಐಎಂ. ಇವೆರಡರಲ್ಲಿ ಒಂದಾದರೂ ‘ಫ್ರಮ್’ ಸಾಲಿನ ಡೊಮೈನ್‌ಗೆ ತಾಳೆಯಾಗಬೇಕು, ಆಗದಿದ್ದರೆ ಪತ್ರವನ್ನು ತಿರಸ್ಕರಿಸಬೇಕೋ ಪ್ರತ್ಯೇಕವಾಗಿಡಬೇಕೋ ಎಂದು ಒಡೆಯರೇ ಸೂಚನೆ ಕೊಡುವುದು ಡಿಮಾರ್ಕ್. ಮೂರರಲ್ಲೂ ‘ಪಾಸ್’ ಎಂದಿದ್ದರೆ ಪತ್ರ ಸಾಚಾ ಎಂದು ತೀರ್ಮಾನಿಸುವುದು ಮಾತ್ರ ತಪ್ಪು. ಇಲಾಖೆಯ ಹೆಸರನ್ನೇ ಹೋಲುವ, ಒಂದು ಅಡ್ಡಗೆರೆಯೋ ಒಂದಕ್ಷರವೋ ಹೆಚ್ಚಿರುವ ಡೊಮೈನನ್ನು ವಂಚಕ ಹಣ ಕೊಟ್ಟು ಕೊಂಡರೆ ಅದರ ಹೆಸರಿನಲ್ಲಿ ಈ ಮೂರೂ ಪರೀಕ್ಷೆಗಳನ್ನು ಅವನು ಸಲೀಸಾಗಿ ದಾಟುತ್ತಾನೆ. ಪತ್ರ ಆ ಡೊಮೈನ್‌ನಿಂದಲೇ ಬಂದಿದೆ ಎಂಬುದಷ್ಟೇ ಇಲ್ಲಿ ಸಾಬೀತಾಗುವುದು, ಆ ಡೊಮೈನ್ ಯಾರದ್ದು ಎಂಬುದಲ್ಲ.

ಆದ್ದರಿಂದಲೇ ಡೊಮೈನ್ ಹೆಸರನ್ನು ಬಲದಿಂದ ಎಡಕ್ಕೆ ಓದುವ ಅಭ್ಯಾಸ ಬೇಕಾಗುತ್ತದೆ. ಕೊಂಡಿಯ ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆಗೆ ಮುಂಚೆ, ಬಲತುದಿಯಲ್ಲಿ ಇರುವ ಭಾಗವೇ ಒಡೆತನವನ್ನು ಹೇಳುವಂಥದ್ದು. ಎಡಗಡೆಯಲ್ಲಿ ಬ್ಯಾಂಕಿನ ಹೆಸರನ್ನು ಎಷ್ಟು ಸಲ ಬೇಕಾದರೂ ತುರುಕಬಹುದು. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರೊಳಗೆ ದೇಶದ ಬ್ಯಾಂಕ್‌ಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಬಾಲವುಳ್ಳ ಡೊಮೈನ್‌ಗಳಿಗೆ ಸ್ಥಳಾಂತರವಾಗಬೇಕೆಂದು ಆದೇಶಿಸಿದ್ದು ಈ ಕಾರಣಕ್ಕಾಗಿ. ಹೈದರಾಬಾದಿನಲ್ಲಿರುವ, ರಿಸರ್ವ್ ಬ್ಯಾಂಕ್ ಸ್ಥಾಪಿತ ಐಡಿಆರ್‌ಬಿಟಿ ಸಂಸ್ಥೆಯೊಂದೇ ಅವುಗಳನ್ನು ನೋಂದಾಯಿಸುವುದರಿಂದ ಬ್ಯಾಂಕ್ ಅಲ್ಲದವರಿಗೆ ಆ ಬಾಲ ದಕ್ಕುವುದು ಕಷ್ಟ. ತಡವಾಗಿ ಬಂದರೂ ಇದು ಒಳ್ಳೆಯ ಕ್ರಮ. ಗ್ರಾಹಕರಿಗೆ ಅದನ್ನು ಕನ್ನಡದಲ್ಲಿ ವಿವರಿಸಿ ಹೇಳುವ ಕೆಲಸವನ್ನು ಮಾತ್ರ ಬ್ಯಾಂಕ್‌ಗಳು ಅಷ್ಟಾಗಿ ಹಚ್ಚಿಕೊಂಡಂತೆ ಕಾಣುವುದಿಲ್ಲ.

ಇನ್ನು ದೂರಿನ ವಿಚಾರ. ಅತ್ಯಂತ ಹತ್ತಿರದ, ಅತ್ಯಂತ ಅಗ್ಗದ ದೂರು ಪೆಟಾರಿಯೆಂದರೆ ಇಮೇಲ್ ಸೇವೆಯಲ್ಲೇ ಇರುವ ‘ರಿಪೋರ್ಟ್ ಸ್ಪ್ಯಾಮ್’ ಗುಂಡಿ. ಇದನ್ನು ಒತ್ತಿದಾಗ ಒಂದು ಪತ್ರ ಬೇರೆ ಫೋಲ್ಡರ್‌ಗೆ ಹೋಗುತ್ತದೆ ಎಂದಷ್ಟೇ ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಸೋಸುಯಂತ್ರಕ್ಕೆ ಕಲಿಸುವ ಪಾಠವೂ ಹೌದು, ಕಳುಹಿಸಿದ ಡೊಮೈನ್ ಮತ್ತು ಐಪಿ ಸಂಖ್ಯೆಯ ಮೇಲೆ ಬೀಳುವ ಒಂದು ಮತವೂ ಹೌದು. ಅಮೆರಿಕದ ಪ್ರೋಗ್ರಾಮರ್ ಪಾಲ್ ಗ್ರಹಾಂ 2002ರಲ್ಲಿ ಬರೆದ ಒಂದು ಪ್ರಬಂಧದ ನಂತರ, ಯಾವ ಪದ ಸ್ಪ್ಯಾಮ್‌ನಲ್ಲಿ ಎಷ್ಟು ಬಾರಿ, ಒಳ್ಳೆಯ ಪತ್ರಗಳಲ್ಲಿ ಎಷ್ಟು ಬಾರಿ ಬರುತ್ತದೆ ಎಂಬ ಸಂಭವನೀಯತೆಯ ಲೆಕ್ಕದಿಂದ ಹೊಸ ಪತ್ರವನ್ನು ತೂಗುವ ವಿಧಾನ ವ್ಯಾಪಕವಾಯಿತು. ಆ ಲೆಕ್ಕಕ್ಕೆ ಬೇಕಾದ ಮಾದರಿಗಳನ್ನು ಒದಗಿಸಿದ್ದು ಬಳಕೆದಾರರು ಒತ್ತಿದ ಗುಂಡಿಗಳೇ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಜಾರಿಗೆ ತಂದ ನಿಯಮಗಳಲ್ಲಂತೂ ಈ ಮತಕ್ಕೆ ಸಂಖ್ಯೆಯ ಬಲವೇ ಬಂದಿದೆ: ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರು ಮೇಲೆ ಹೇಳಿದ ಮೂರೂ ವ್ಯವಸ್ಥೆಗಳನ್ನು ಅಳವಡಿಸಿಕೊಂಡಿರಬೇಕು, ಒಂದೇ ಕ್ಲಿಕ್ಕಿನಲ್ಲಿ ಪಟ್ಟಿಯಿಂದ ಹೊರಬರುವ ದಾರಿ ಕೊಟ್ಟಿರಬೇಕು, ಸ್ಪ್ಯಾಮ್ ದೂರಿನ ಪ್ರಮಾಣ ಶೇ 0.3ನ್ನು ಮುಟ್ಟದಂತೆ ನೋಡಿಕೊಳ್ಳಬೇಕು. ಅಂದರೆ 1,000 ಪತ್ರಗಳಲ್ಲಿ ಮೂರಕ್ಕೆ ದೂರು ಬಿದ್ದರೂ ಆ ಕಂಪನಿಯ ಉಳಿದ ಪತ್ರಗಳು ಇನ್‌ಬಾಕ್ಸ್ ತಲುಪುವುದು ದುಸ್ತರವಾಗಬಹುದು.

ಗುಂಡಿಗೆ ಇಷ್ಟು ಬಲವಿರುವಾಗ ಅದನ್ನು ಎಲ್ಲದಕ್ಕೂ ಒತ್ತುವುದೂ ಸರಿಯಲ್ಲ. ತಾವೇ ಹೆಸರು ನೋಂದಾಯಿಸಿ ತರಿಸಿಕೊಂಡ ಪುಸ್ತಕದಂಗಡಿಯ ಸುದ್ದಿಪತ್ರ ಈಗ ಬೇಸರ ತಂದಿದೆ ಎಂಬ ಕಾರಣಕ್ಕೆ ಅದನ್ನು ಸ್ಪ್ಯಾಮ್ ಎಂದು ಸಾರುವವರು, ಅದನ್ನು ಇಷ್ಟಪಟ್ಟು ಓದುವ ಇತರರ ಪೆಟ್ಟಿಗೆಯಿಂದಲೂ ಅದನ್ನು ಅರಿವಿಲ್ಲದೆ ದೂಡುತ್ತಿರುತ್ತಾರೆ. ಅಂಥದಕ್ಕೆ ‘ಅನ್‌ಸಬ್‌ಸ್ಕ್ರೈಬ್’ ಇದೆ. ಪರಿಚಿತ ಸಂಸ್ಥೆಯಾದರೆ ಆ ಕೊಂಡಿಯನ್ನು ಒತ್ತಿ ಪಟ್ಟಿಯಿಂದ ಹೊರಬರಬಹುದು. ಹೆಸರೇ ಕೇಳಿರದ ಮೂಲದಿಂದ ಬಂದ ಪತ್ರದ ಒಡಲಿನಲ್ಲಿರುವ ಅದೇ ಕೊಂಡಿ ಮಾತ್ರ ಬಲೆಯಾಗಿರುವ ಸಾಧ್ಯತೆಯಿದ್ದು, ಅದನ್ನು ಮುಟ್ಟದೆ ದೂರು ಗುಂಡಿಯನ್ನೇ ಬಳಸುವುದು ಕ್ಷೇಮ. ಸ್ಪ್ಯಾಮ್ ಫೋಲ್ಡರನ್ನು ಆಗಾಗ ಇಣುಕಿ ನೋಡಿ, ಅಲ್ಲಿ ತಪ್ಪಿ ಬಿದ್ದ ಸಂದರ್ಶನದ ಕರೆಯನ್ನೋ ಆಸ್ಪತ್ರೆಯ ವರದಿಯನ್ನೋ ‘ನಾಟ್ ಸ್ಪ್ಯಾಮ್’ ಎಂದು ಹೇಳಿ ಹೊರತರುವುದೂ ಇದೇ ಪಾಠದ ಇನ್ನೊಂದು ಮಗ್ಗುಲು.

ಗುಂಡಿಯಾಚೆಗಿನ ದೂರು ಐಪಿ ಸಂಖ್ಯೆಯನ್ನು ಹಿಡಿದು ಹೊರಡುತ್ತದೆ. ಪ್ರತಿಯೊಂದು ಐಪಿ ಸಂಖ್ಯೆಯೂ ಯಾವುದೋ ಒಂದು ಜಾಲಸಂಸ್ಥೆಗೆ ಹಂಚಿಕೆಯಾಗಿರುತ್ತದೆ. ಏಷ್ಯಾ–ಪೆಸಿಫಿಕ್ ಪ್ರದೇಶದ ಹಂಚಿಕೆಯ ದಾಖಲೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಎಪಿನಿಕ್ ಸಂಸ್ಥೆಯಲ್ಲಿದ್ದರೆ, ಭಾರತದೊಳಗಿನ ಹಂಚಿಕೆಯನ್ನು ಐಆರ್‌ಐಎನ್‌ಎನ್ ನೋಡಿಕೊಳ್ಳುತ್ತದೆ. ‘ಹೂಈಸ್’ ಎಂಬ ಸಾರ್ವಜನಿಕ ಶೋಧದಲ್ಲಿ ಸಂಖ್ಯೆಯನ್ನು ಹಾಕಿದರೆ ಅದರ ಹೊಣೆ ಹೊತ್ತ ಸಂಸ್ಥೆಯ ಹೆಸರೂ, ದುರ್ಬಳಕೆಯ ದೂರು ಸ್ವೀಕರಿಸುವ ವಿಳಾಸವೂ ಸಿಗುತ್ತವೆ. ಆ ವಿಳಾಸ ಸಾಮಾನ್ಯವಾಗಿ ‘ಅಬ್ಯೂಸ್’ ಎಂಬ ಪದದಿಂದ ಆರಂಭವಾಗುವಂತೆ 1997ರಲ್ಲೇ ಒಂದು ಪದ್ಧತಿಯನ್ನು ಗೊತ್ತುಮಾಡಲಾಗಿದೆ. ಅಲ್ಲಿಗೆ ಬರೆಯುವಾಗ ರೋಷದ ಮಾತುಗಳಿಂದ ಪ್ರಯೋಜನವಿಲ್ಲ. ಐಪಿ ಸಂಖ್ಯೆ, ಪತ್ರ ಬಂದ ದಿನ, ಸಮಯವಲಯದೊಂದಿಗೆ ವೇಳೆ, ಕತ್ತರಿಸದ ಪೂರ್ಣ ಹೆಡರ್ ಇಷ್ಟಿದ್ದರೆ ಮಾತ್ರ ಅತ್ತ ಕಡೆಯ ಎಂಜಿನಿಯರ್ ತನ್ನ ದಾಖಲೆಗಳಲ್ಲಿ ಆ ಗಿರಾಕಿಯನ್ನು ಹುಡುಕಿ ತೆಗೆಯಬಲ್ಲ. ಹೆಡರ್ ಬಿಡಿಸಿ ಓದುವುದು ಕಷ್ಟವೆನಿಸುವವರಿಗಾಗಿ 1998ರಿಂದ ಸ್ಪ್ಯಾಮ್‌ಕಾಪ್ ಎಂಬ ಸೇವೆಯಿದ್ದು, ಪೂರ್ಣ ಪತ್ರವನ್ನು ಅಲ್ಲಿ ಅಂಟಿಸಿದರೆ ಮೂಲವನ್ನು ಗುರುತಿಸಿ ಸಂಬಂಧಪಟ್ಟ ಜಾಲಕ್ಕೆ ದೂರು ರವಾನಿಸುತ್ತದೆ. ಅದೇ ವರ್ಷ ಆರಂಭವಾದ ಸ್ಪ್ಯಾಮ್‌ಹೌಸ್ ಸಂಸ್ಥೆ ಸ್ಪ್ಯಾಮ್ ಹೊರಡುವ ಐಪಿ ಸಂಖ್ಯೆಗಳ ಕಪ್ಪುಪಟ್ಟಿಯನ್ನು ಪ್ರಕಟಿಸುತ್ತದೆ. ಜಗತ್ತಿನ ಅಸಂಖ್ಯ ಇಮೇಲ್ ಸರ್ವರ್‌ಗಳು ಆ ಪಟ್ಟಿಯಲ್ಲಿರುವವರಿಗೆ ಬಾಗಿಲನ್ನೇ ತೆರೆಯುವುದಿಲ್ಲ.

ಜಾಲಸಂಸ್ಥೆಗಳಿಗೆ ದೂರುವುದರಿಂದ ಆಗುವುದೇನು ಎಂದು ಕೇಳುವವರಿಗೆ 2008ರ ನವೆಂಬರ್ 11ರ ಒಂದು ಘಟನೆಯನ್ನು ತೋರಿಸಬಹುದು. ಕ್ಯಾಲಿಫೋರ್ನಿಯಾದ ಮೆಕ್‌ಕೋಲೊ ಎಂಬ ಸಂಸ್ಥೆಯ ಸರ್ವರ್‌ಗಳಿಂದ ಹಲವು ದೊಡ್ಡ ಬಾಟ್‌ನೆಟ್‌ಗಳಿಗೆ ಆಣತಿ ಹೋಗುತ್ತಿದೆ ಎಂಬುದನ್ನು ಭದ್ರತಾ ತಜ್ಞರು ಬಹಳ ದಿನಗಳಿಂದ ದಾಖಲಿಸಿಟ್ಟಿದ್ದರು. ‘ವಾಷಿಂಗ್ಟನ್ ಪೋಸ್ಟ್’ನ ವರದಿಗಾರ ಬ್ರಯನ್ ಕ್ರೆಬ್ಸ್ ಆ ಸಾಕ್ಷ್ಯಗಳನ್ನು ಅದಕ್ಕೆ ಸಂಪರ್ಕ ಒದಗಿಸುತ್ತಿದ್ದ ದೊಡ್ಡ ಜಾಲಗಳ ಮುಂದಿಟ್ಟಾಗ ಅವು ತಂತಿಯನ್ನೇ ಕಡಿದವು, ಜಗತ್ತಿನ ಒಟ್ಟು ಸ್ಪ್ಯಾಮ್ ಒಂದೇ ದಿನದಲ್ಲಿ ಅರ್ಧಕ್ಕೂ ಕೆಳಗೆ ಕುಸಿಯಿತು. ಕೆಲವು ತಿಂಗಳುಗಳಲ್ಲಿ ಅದು ಬೇರೆ ನೆಲೆಗಳಿಂದ ಮತ್ತೆ ತಲೆಯೆತ್ತಿದ್ದೂ ನಿಜವೇ. ಇಷ್ಟಾದರೂ ಹೊಸ ನೆಲೆ ಹುಡುಕುವುದು, ಹೊಸ ಯಂತ್ರಗಳಿಗೆ ಕನ್ನ ಹಾಕುವುದು ಪುಕ್ಕಟೆಯ ಕೆಲಸಗಳಲ್ಲವಾದ್ದರಿಂದ ಪ್ರತಿ ಸ್ಥಳಾಂತರವೂ ಆ 28 ಗಿರಾಕಿಗಳಂಥವರಿಂದ ಸಿಗುವ ಲಾಭದಲ್ಲಿ ಒಂದು ಪಾಲನ್ನು ಕಡಿತಗೊಳಿಸುತ್ತದೆ. ಓದುಗರ ಸ್ವಂತ ಕಂಪ್ಯೂಟರೇ ಇಂಥ ಕೂಟಕ್ಕೆ ಸೇರಿಹೋಗಿರಬಹುದೆಂಬ ಅನುಮಾನವಿದ್ದಲ್ಲಿ, ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಅದನ್ನು ಶುಚಿಗೊಳಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ.

ಕಾನೂನಿನ ಕಡೆಗೆ ತಿರುಗಿದರೆ ಭಾರತದ ಸ್ಥಿತಿ ವಿಚಿತ್ರವಾಗಿದೆ. ಅಮೆರಿಕದಲ್ಲಿ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆಯಿದೆ. ಅದು ಒಪ್ಪಿಗೆಯಿಲ್ಲದೆ ಕಳುಹಿಸುವುದನ್ನೇ ನಿಷೇಧಿಸದಿದ್ದರೂ ಸುಳ್ಳು ಹೆಡರನ್ನು ಅಪರಾಧವಾಗಿಸಿ, ಬೇಡವೆಂದವರನ್ನು ಹತ್ತು ಕೆಲಸದ ದಿನಗಳಲ್ಲಿ ಪಟ್ಟಿಯಿಂದ ತೆಗೆಯಬೇಕೆನ್ನುತ್ತದೆ. 2014ರಲ್ಲಿ ಜಾರಿಗೆ ಬಂದ ಕೆನಡಾದ ಕಾನೂನು ಇನ್ನೂ ಬಿಗಿಯಾಗಿದ್ದು ಮೊದಲೇ ಒಪ್ಪಿಗೆ ಪಡೆದಿರಬೇಕೆಂದು ವಿಧಿಸುತ್ತದೆ. ಭಾರತದಲ್ಲಾದರೋ ಬೇಡದ ಫೋನ್ ಕರೆ ಮತ್ತು ಎಸ್‌ಎಂಎಸ್‌ಗಳಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿಯೂ 1909 ಎಂಬ ದೂರು ಸಂಖ್ಯೆಯೂ ಇವೆ, ಇಮೇಲ್‌ಗೆ ಅಂಥದ್ದೇನೂ ಇಲ್ಲ. ಪತ್ರದ ಮೂಲದ ಬಗ್ಗೆ ದಾರಿತಪ್ಪಿಸುವ ಇಮೇಲನ್ನು ಶಿಕ್ಷಾರ್ಹಗೊಳಿಸಿದ್ದ ಒಂದೇ ಒಂದು ಉಪವಿಧಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನಲ್ಲಿತ್ತು. ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತದೆ ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಆ ಕಲಮನ್ನು ಇಡಿಯಾಗಿ ರದ್ದುಪಡಿಸಿದಾಗ ಈ ಉಪವಿಧಿಯೂ ಅದರೊಂದಿಗೆ ಹೋಯಿತು. ಕಲಮು ಹೋದದ್ದು ನ್ಯಾಯವೇ. ಅದು ಬಿಟ್ಟುಹೋದ ಈ ಸಣ್ಣ ಖಾಲಿ ಜಾಗವನ್ನು ತುಂಬಲು ಸಂಸತ್ತು ಮತ್ತೆ ಮನಸ್ಸು ಮಾಡದಿರುವುದು ಮಾತ್ರ ಸಮರ್ಥನೀಯವಲ್ಲ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನೀಡಿದ್ದು, ಇಮೇಲ್ ವಿಳಾಸವನ್ನು ಮಾರಿಕೊಳ್ಳುವ ಸ್ವದೇಶಿ ಕಂಪನಿಗಳ ಮಟ್ಟಿಗೆ ಅದು ಮುಂದೆ ಉಪಯೋಗಕ್ಕೆ ಬಂದೀತು.

ಪತ್ರ ಬರಿಯ ಜಾಹೀರಾತಾಗಿರುವ ತನಕ ಪೊಲೀಸರಿಂದ ಹೆಚ್ಚಿನದನ್ನು ನಿರೀಕ್ಷಿಸಲಾಗದು ಎಂಬುದು ಇದರಿಂದ ಸ್ಪಷ್ಟ. ಬೇರೆಯವರ ವೇಷ ಹಾಕಿ ವಂಚಿಸುವ ಹಂತಕ್ಕೆ ಅದು ಬಂದಾಗ ಚಿತ್ರ ಬದಲಾಗುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನ ಪ್ರಕಾರ ಅದು ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೂ ಗುರಿಯಾಗುವ ಅಪರಾಧ. ಹಣ ಕಳೆದುಕೊಂಡವರು ಮೊದಲು ತಮ್ಮ ಬ್ಯಾಂಕಿಗೂ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸಬೇಕು, ಏಕೆಂದರೆ ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಜಿಗಿಯುತ್ತಾ ನಗದಾಗುವ ಮುನ್ನ ತಡೆಹಿಡಿಯಲು ಸಾಧ್ಯವಿರುವ ಅವಧಿ ಬಹಳ ಚಿಕ್ಕದು. ಗ್ರಾಹಕರೇ ಗುಪ್ತಸಂಖ್ಯೆಯನ್ನು ಬಿಟ್ಟುಕೊಟ್ಟ ಪ್ರಕರಣಗಳಲ್ಲಿ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದು, ತಿಳಿಸಿದ ನಂತರದ್ದು ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುವುದರಿಂದ ಕರೆ ಮಾಡಿದ ವೇಳೆಯನ್ನು ಗುರುತಿಟ್ಟುಕೊಳ್ಳುವುದೂ ಅಗತ್ಯ. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಬರವಣಿಗೆಯ ದೂರು ದಾಖಲಿಸಬಹುದು, ಇಲ್ಲವೇ ನೇರವಾಗಿ ಠಾಣೆಗೆ ಹೋಗಬಹುದು. ದೇಶದಲ್ಲೇ ಮೊದಲ ಸೈಬರ್ ಅಪರಾಧ ಠಾಣೆ ಆರಂಭವಾದದ್ದು 2001ರಲ್ಲಿ, ಬೆಂಗಳೂರಿನಲ್ಲಿ. ಈಗ ಕರ್ನಾಟಕದ ಜಿಲ್ಲೆಗಳಲ್ಲಿ ಸೆನ್ ಎಂದು ಕರೆಯುವ, ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆಗಳಿವೆ. ಹಣ ಹೋಗಿರದಿದ್ದರೂ ಇಲಾಖೆಯ ಅಥವಾ ಬ್ಯಾಂಕಿನ ಹೆಸರಿನ ನಕಲಿ ಪತ್ರವನ್ನು ಆ ಸಂಸ್ಥೆಗೂ, ದೇಶದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್‌ಗೂ ಕಳುಹಿಸಿದರೆ ಅದರೊಳಗಿನ ನಕಲಿ ಜಾಲತಾಣವನ್ನು ಕೆಳಗಿಳಿಸುವ ಕೆಲಸ ಬೇಗ ಆಗುತ್ತದೆ.

ಠಾಣೆಗೆ ಪತ್ರದ ಸ್ಕ್ರೀನ್‌ಶಾಟ್ ಅನ್ನು ಮಾತ್ರ ಒಯ್ಯುವುದು ಸಾಮಾನ್ಯವಾಗಿ ಕಾಣುವ ರೂಢಿ. ಪರದೆಯ ಚಿತ್ರದಲ್ಲಿ ಇರುವುದು ವಂಚಕ ತೋರಿಸಬೇಕೆಂದುಕೊಂಡದ್ದಷ್ಟೇ ಆಗಿದ್ದು, ಐಪಿ ಸಂಖ್ಯೆಯಾಗಲಿ ರಿಸೀವ್ಡ್ ಸಾಲುಗಳಾಗಲಿ ಅದರಲ್ಲಿ ಇರುವುದಿಲ್ಲ. ಪತ್ರವನ್ನು ಸುಮ್ಮನೆ ಫಾರ್ವರ್ಡ್ ಮಾಡಿದಾಗಲೂ ಹಳೆಯ ಹೆಡರ್ ಕಳಚಿಹೋಗಿ ಫಾರ್ವರ್ಡ್ ಮಾಡಿದವರ ಹೆಡರ್ ಬಂದು ಕೂರುತ್ತದೆ. ‘ಶೋ ಒರಿಜಿನಲ್’ ಪುಟದಲ್ಲೇ ಇರುವ ‘ಡೌನ್‌ಲೋಡ್ ಒರಿಜಿನಲ್’ ಕೊಂಡಿಯಿಂದ ಇಡೀ ಪತ್ರವನ್ನು ಇದ್ದದ್ದು ಇದ್ದಂತೆ ಒಂದು ಕಡತವಾಗಿ ಇಳಿಸಿಕೊಂಡು, ದೂರಿಗೆ ಅದನ್ನೇ ಲಗತ್ತಿಸಬೇಕು. ಇದನ್ನು ಪತ್ರ ಕಂಡ ದಿನವೇ ಮಾಡಿಟ್ಟುಕೊಳ್ಳುವುದು ಒಳಿತು, ಏಕೆಂದರೆ ಜಿಮೇಲ್ ಸ್ಪ್ಯಾಮ್ ಫೋಲ್ಡರ್‌ನಲ್ಲಿರುವುದನ್ನು 30 ದಿನಗಳ ನಂತರ ತಾನಾಗಿಯೇ ಅಳಿಸಿಹಾಕುತ್ತದೆ, ತನಿಖಾಧಿಕಾರಿಯ ನೋಟಿಸ್ ಅಷ್ಟರೊಳಗೆ ಬರುತ್ತದೆಂಬ ಖಾತರಿಯಿಲ್ಲ.